ಕಸದ ಗಾಡಿ ನಮ್ಮ ಗೇಟಿನ ಮುಂದೆ ನಿಲ್ಲಲಿ

ಶಿವಮೊಗ್ಗದ ಕಸ ವಿಲೇವಾರಿಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಮತ್ತು ನಮ್ಮ ಬಡಾವಣೆಯ ಮನವಿಗೆ ಸಹಿ ಹಾಕಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರಗಳು.

ಹೋದ ವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಯ ಮೂವರು ಮನೆಗೆ ಬಂದಿದ್ದರು. ಕಾಫಿ ಕುಡಿದಾದ ಮೇಲೆ ಒಬ್ಬರು ಚೀಲದಿಂದ ಒಂದು ಹಾಳೆ ತೆಗೆದರು. ಹಿತ್ತಿಲಲ್ಲೇ ಗೊಬ್ಬರ ಮಾಡಿಕೊಳ್ಳುವ ಮನೆಗಳನ್ನು ಕಡ್ಡಾಯ ಕಸ ಸಂಗ್ರಹದಿಂದ ಪೂರ್ತಿ ಕೈಬಿಡಬೇಕು, ಆ ಮನೆಗಳಿಂದ ಕಸದ ಶುಲ್ಕವನ್ನೂ ವಸೂಲು ಮಾಡಬಾರದು ಎಂಬ ಮನವಿ ಅದು. “ಟೀಚರ್, ಈ ಬೀದಿಯಲ್ಲಿ ಮೊದಲು ಗೊಬ್ಬರಗುಂಡಿ ಮಾಡಿಸಿದವರು ನೀವು. ನಿಮ್ಮ ಸಹಿಗೇ ಅಂತ ಮೇಲುಗಡೆ ಜಾಗ ಬಿಟ್ಟಿದ್ದೇವೆ” ಎಂದರು. ಪ್ರೀತಿಯಿಂದ ಹೇಳಿದ ಮಾತು. ಹಾಳೆಯನ್ನು ಎರಡು ಸಲ ಓದಿದೆ, ನಾಳೆ ಕೊಡುತ್ತೇನೆ ಎಂದು ಇಟ್ಟುಕೊಂಡೆ. ಆ ನಾಳೆಗೆ ಇವತ್ತು ಎಂಟು ದಿನ. ಸಹಿ ಹಾಕಲು ನನ್ನಿಂದ ಆಗಲಿಲ್ಲ. ಯಾಕೆ ಎಂದು ಬಾಯಲ್ಲಿ ಹೇಳಹೊರಟರೆ ಜಗಳದ ಹಾಗೆ ಕೇಳಿಸೀತು, ಅದಕ್ಕೆ ಬರೆಯುತ್ತಿದ್ದೇನೆ. ಮನವಿ ಹೇಗೂ ಅಧಿಕಾರಿಗಳ ಕೈಗೆ ಹೋಗುವಂಥದ್ದು. ನನ್ನ ಮಾತೂ ಅದರ ಜೊತೆಗೇ ಹೋಗಲಿ.

ಮನವಿಯ ಒಂದರ್ಧ ನನ್ನದೇ ಮಾತು. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಶುಲ್ಕದಲ್ಲಿ ರಿಯಾಯಿತಿ ಸಿಗಬೇಕು, ಸಿಕ್ಕೇ ತೀರಬೇಕು. ಇನ್ನರ್ಧ ನನಗೆ ಒಪ್ಪಿಗೆಯಿಲ್ಲ. ಗಾಡಿಯೇ ನಮ್ಮ ಮನೆಯ ಮುಂದೆ ನಿಲ್ಲುವುದು ಬೇಡ ಎಂದು ನಾವು ಕೇಳಬಾರದು, ಕೇಳಿದರೂ ನೀವು ಕೊಡಬಾರದು. ವಿನಾಯಿತಿ ಸಲ್ಲಬೇಕಾದದ್ದು ಹಸಿ ಕಸಕ್ಕೆ. ಮನೆಗೆ ಸಲ್ಲಬಾರದು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿ ಮನೆಯಲ್ಲಿ. ಅಲ್ಲಿ ಕಸ ಎಂದರೆ ಜಗಲಿ ಗುಡಿಸಿ ಅಂಗಳದಾಚೆ ಹಾಕುವ ಮಣ್ಣು, ತರಗು, ಅಷ್ಟೆ. ಅಡುಗೆಮನೆಯ ಹಿಂಬಾಗಿಲ ಹತ್ತಿರ ಅಕ್ಕಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಗಂಜಿ ಎಲ್ಲ ಅದಕ್ಕೆ. ಸಂಜೆಯಾದರೆ ಅದು ಕೊಟ್ಟಿಗೆಗೆ. ಉಂಡ ಬಾಳೆಎಲೆಯೂ ದನಕ್ಕೇ. ಒಲೆಯ ಬೂದಿ ಪಾತ್ರೆ ತಿಕ್ಕಲು, ಉಳಿದದ್ದು ತೆಂಗಿನ ಬುಡಕ್ಕೆ. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು ಕೊಟ್ಟಿಗೆಗೆ ಬಿದ್ದು, ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ ಹೋಗಿ, ಗುಂಡಿಯಿಂದ ಬುಟ್ಟಿಯಲ್ಲಿ ಅಡಿಕೆ ತೋಟಕ್ಕೆ ಇಳಿಯುತ್ತಿತ್ತು. ನನ್ನ ನೆರೆಯವರಲ್ಲಿ ಹೆಚ್ಚಿನವರು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದು ಇಲ್ಲಿ ಮನೆ ಕಟ್ಟಿಕೊಂಡವರು. “ನಮ್ಮಲ್ಲಿ ಕಸವೇ ಆಗುವುದಿಲ್ಲ” ಎಂದು ಅವರು ಹೇಳುವಾಗ ಆ ಬಾನಿ, ಆ ಗುಂಡಿ ಅವರ ಕಣ್ಣ ಮುಂದಿರುತ್ತದೆ. ಆ ಹೆಮ್ಮೆ ನನಗೂ ಇದೆ.

ಆದರೆ ಅದೇ ಮನೆಗೆ ನಿಧಾನವಾಗಿ ಇನ್ನೊಂದು ಬಗೆಯ ಕಸ ಬಂತು. ಶಾಂಪೂ ಪೊಟ್ಟಣ, ಎಣ್ಣೆ ಪ್ಯಾಕೆಟ್, ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಕೊಟ್ಟೆ. ಬಾನಿಗೆ ಹಾಕುವ ಹಾಗಿಲ್ಲ, ಗುಂಡಿಗೂ ಹಾಕುವ ಹಾಗಿಲ್ಲ. ಅದು ಬಚ್ಚಲೊಲೆಗೆ ಹೋಯಿತು. ಮಳೆಗಾಲದಲ್ಲಿ ಸೌದೆ ಥಂಡಿ ಹಿಡಿದಾಗ ಒಂದು ಕೊಟ್ಟೆಗೆ ಕಡ್ಡಿ ಗೀರಿ ಒಳಗೆ ತುರುಕಿದರೆ ಒಲೆ ಬೇಗ ಹತ್ತಿಕೊಳ್ಳುತ್ತಿತ್ತು. ಎಷ್ಟೋ ಬೆಳಗುಗಳಲ್ಲಿ ನಾನೇ ಹಾಗೆ ಹತ್ತಿಸಿದ್ದೇನೆ. ಅಮ್ಮ ಆ ಕಪ್ಪು ಹೊಗೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದಳು. ಮಾತ್ರೆಯ ಹಾಳೆಗಳಲ್ಲಿ ಬಹಳಷ್ಟು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಅವನ್ನು ಒಲೆಯ ಸಣ್ಣ ಉರಿಯಲ್ಲಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಏಳುತ್ತದೆ, ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಆ ವಿಷ ಹುಲ್ಲಿನ ಮೇಲೆ ಕೂತು ದನದ ಕೊಬ್ಬಿಗಿಳಿದು ಹಾಲಿಗೂ ಬರುತ್ತದೆ. ಇದು ನನಗೆ ಗೊತ್ತಾದದ್ದು ತುಂಬ ತಡವಾಗಿ. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಮನೆಗೆ ಬಂದು ಅದನ್ನೇ ಸುಡುತ್ತಿದ್ದ ವರ್ಷಗಳೂ ನನ್ನ ಲೆಕ್ಕದಲ್ಲಿವೆ.

ನಮ್ಮ ಬಡಾವಣೆಯಲ್ಲಿ ಸೋಲಾರ್ ಹಾಕಿಸಿಕೊಂಡ ಮನೆಗಳಲ್ಲೂ ಹಿಂದುಗಡೆ ಒಂದು ಹಂಡೆ ಒಲೆ ಇದೆ. ತಪ್ಪು ತಿಳಿಯಬೇಡಿ, ನಾನು ಯಾರ ಮನೆಯ ಹಿತ್ತಿಲನ್ನೂ ಇಣುಕಿ ನೋಡಿದವಳಲ್ಲ. ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೋದರೆ ಸೌದೆಯ ಹೊಗೆ ಯಾವುದು, ಪ್ಲಾಸ್ಟಿಕ್ಕಿನ ಹೊಗೆ ಯಾವುದು ಎಂದು ಮೂಗಿಗೆ ತಿಳಿಯುತ್ತದೆ.

ಮನವಿ ಕೈಗೆ ಬಂದ ಮರುದಿನದಿಂದ ಒಂದು ವಾರ ನಮ್ಮ ಮನೆಯ ಕಸವನ್ನು ತೂಗಿದೆ. ಇರುವವರು ಇಬ್ಬರೇ. ಹಸಿ ಕಸ ಐದು ಕಿಲೋ ಚಿಲ್ಲರೆ ಆಯಿತು; ಅದಷ್ಟೂ ಹಿತ್ತಿಲಿನ ಸಿಮೆಂಟ್ ರಿಂಗಿಗೆ ಹೋಯಿತು. ಉಳಿದದ್ದು ಒಂದು ಕಿಲೋಕ್ಕೂ ಕಡಿಮೆ. ತೂಕ ನೋಡಿದರೆ ಏನೂ ಅಲ್ಲ, ಹರವಿಟ್ಟರೆ ಮಾತ್ರ ನೆಲ ತುಂಬಿತು: ಹಾಲಿನ ಪ್ಯಾಕೆಟ್ ಹದಿನಾಲ್ಕು, ಮಾತ್ರೆಯ ಹಾಳೆ ಆರು, ಬಿಸ್ಕತ್ತಿನ ಕವರು, ಕೊರಿಯರ್ ಬಂದ ಪ್ಲಾಸ್ಟಿಕ್ ಚೀಲ, ಹಲ್ಲುಜ್ಜುವ ಪೇಸ್ಟಿನ ಟ್ಯೂಬು, ಸುಟ್ಟುಹೋದ ಒಂದು ಬಲ್ಬು, ಮತ್ತು ನಮ್ಮ ಮನೆಯವರ ಇನ್ಸುಲಿನ್ ಸೂಜಿಗಳು.

ಆ ಸೂಜಿಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಗಡಿಬಿಡಿಯಲ್ಲಿ ನಾನು ಸೂಜಿಗಳನ್ನು ಹಾಗೇ ಒಣ ಕಸದ ಚೀಲಕ್ಕೆ ಹಾಕಿ ಕೊಟ್ಟುಬಿಟ್ಟೆ. ಗಾಡಿಯ ಜೊತೆ ಬರುವ ಹೆಣ್ಣುಮಗಳು ಚೀಲ ಹಿಡಿದು ಒತ್ತಿದಾಗ ಸೂಜಿ ಅವಳ ಹೆಬ್ಬೆರಳಿಗೆ ಚುಚ್ಚಿತು. ಕೈಗವಸಿನೊಳಗೂ ರಕ್ತ ಬಂತು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿ, ರಕ್ತಪರೀಕ್ಷೆ ಮಾಡಿಸಿದೆವು. ವರದಿ ಬರುವ ತನಕ ನನಗೆ ಅನ್ನ ಸೇರಲಿಲ್ಲ. ಏನೂ ಆಗಲಿಲ್ಲ, ದೇವರು ದೊಡ್ಡವನು. ಅವಳಿಗೆ ಇಬ್ಬರು ಸಣ್ಣ ಮಕ್ಕಳು. ಅವತ್ತಿನಿಂದ ಸೂಜಿಗಳು ಗಟ್ಟಿ ಡಬ್ಬಿಯೊಂದರಲ್ಲಿ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ “ಸೂಜಿ” ಎಂದು ಬರೆದು ಬೇರೆಯಾಗಿ ಹೋಗುತ್ತವೆ.

ಸಹಿ ಹಾಕಿದವರನ್ನು ನಾನು ಕೇಳುವುದು ಇಷ್ಟೆ. ಗಾಡಿ ನಮ್ಮ ಮನೆಗೆ ಬರುವುದೇ ಬೇಡ ಎಂದಾದರೆ ಈ ಡಬ್ಬಿಯನ್ನು ನಾನು ಎಲ್ಲಿಗೆ ಹಾಕಲಿ? ಗೊಬ್ಬರಗುಂಡಿಗೋ, ಹಂಡೆ ಒಲೆಗೋ? ನಮ್ಮ ಅತ್ತೆ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ದಿನಕ್ಕೆ ಮೂರು ಡೈಪರ್. ಅವನ್ನು ಹಿತ್ತಿಲಲ್ಲಿ ಹೂಳಿದ್ದರೆ ಇವತ್ತಿಗೂ ಹಾಗೇ ಇರುತ್ತಿದ್ದವು. ವಯಸ್ಸಾದವರಿಲ್ಲದ ಮನೆ, ಮಗುವಿಲ್ಲದ ಮನೆ, ಹೆಣ್ಣುಮಕ್ಕಳಿಲ್ಲದ ಮನೆ, ಔಷಧಿ ತಿನ್ನುವವರಿಲ್ಲದ ಮನೆ ನಮ್ಮ ಬೀದಿಯಲ್ಲಿ ಒಂದಾದರೂ ಇದೆಯೇ?

ಆ ಹೆಣ್ಣುಮಗಳಿಗೆ ಮನವಿಯ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನೀವು ಹಸಿ ಕಸ ಕೊಡದೇ ಇದ್ರೆ ನಂಗೆ ಭಾರ ಕಮ್ಮಿ ಟೀಚರಮ್ಮ, ಒಳ್ಳೇದೇ. ಆದ್ರೆ ಗೇಟು ಹಾಕ್ಕೊಂಡ ಮನೆ ಕಸ ಎಲ್ಲೂ ಹೋಗಲ್ಲ. ನಾಡಿದ್ದು ಚರಂಡೀಲಿ ನಂಗೇ ಸಿಗ್ತದೆ.”

ನಮ್ಮ ಚರಂಡಿಗಳ ನೀರು ಕೊನೆಗೆ ಹೋಗುವುದು ತುಂಗೆಯ ಕಡೆಗೆ. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿ ದಾಟಿ ಇಲ್ಲಿಗೆ ಬಂದು, ಸ್ವಲ್ಪ ಕೆಳಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರುವ ಹೊಳೆ. ತುಂಗಾ ಪಾನ, ಗಂಗಾ ಸ್ನಾನ ಎಂದು ಹೇಳಿಕೊಂಡು ಬೆಳೆದವರು ನಾವು. ಮಳೆಗಾಲ ಕಳೆದು ನೀರು ಇಳಿದ ಮೇಲೆ ದಂಡೆಯ ಗಿಡಗಂಟಿಗಳಲ್ಲಿ ಪ್ಲಾಸ್ಟಿಕ್ ಚೀಲ ತೋರಣದ ಹಾಗೆ ನೇತಾಡುವುದನ್ನು ಎಲ್ಲರೂ ನೋಡಿದ್ದೇವೆ.

ಕಡ್ಡಾಯ ಎಂಬ ಮಾತು ಕೇಳಿದರೆ ನಮ್ಮವರಿಗೆ ಮೈ ಉರಿಯುತ್ತದೆ. ಇದು ಯಾರೋ ಮೇಲಿನಿಂದ ಹೇರಿದ್ದು ಎಂಬ ಭಾವನೆ. ಹಾಗಲ್ಲ. ಮನೆ ಬಾಗಿಲಿಗೆ ಬಂದು ಕಸ ಒಯ್ಯುವ ವ್ಯವಸ್ಥೆ ಈ ದೇಶದಲ್ಲಿ ಜನರು ಹೋರಾಡಿ ತಂದುಕೊಂಡದ್ದು. ಬೆಂಗಳೂರಿನ ಹೊರವಲಯದಲ್ಲಿ ನೆಲೆಸಿದ್ದ ಅಲ್ಮಿತ್ರಾ ಪಟೇಲ್ ಎಂಬ ಹೆಣ್ಣುಮಗಳು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಊರೂರುಗಳು ತಮ್ಮ ಕಸವನ್ನು ಹೊರವಲಯದ ಹಳ್ಳಿಗಳ ಬದಿಗೆ ಸುರಿಯುತ್ತಿವೆ ಎಂಬುದು ಅವರ ದೂರು. ಆ ಮೊಕದ್ದಮೆಯಿಂದಾಗಿ 2000ದಲ್ಲಿ ಕಸದ ಬಗ್ಗೆ ದೇಶಕ್ಕೆಲ್ಲ ಅನ್ವಯವಾಗುವ ನಿಯಮ ಬಂತು. 2016ರ ಏಪ್ರಿಲ್‌ನಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಇನ್ನಷ್ಟು ಬಿಗಿ ಮಾಡಿದವು. ಪ್ರತಿ ಮನೆಯವರೂ ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಿ ಕೊಡಬೇಕು, ಪ್ಯಾಡು-ಡೈಪರುಗಳನ್ನು ಸುತ್ತಿ ಕೊಡಬೇಕು, ಬೀದಿಗೋ ಚರಂಡಿಗೋ ನೀರಿಗೋ ಎಸೆಯಬಾರದು, ಸುಡಬಾರದು, ನಿಗದಿಯಾದ ಶುಲ್ಕ ಕಟ್ಟಬೇಕು ಎಂದು ಹೇಳಿದವು. ಅದೇ ನಿಯಮಗಳು ಇನ್ನೊಂದು ಮಾತನ್ನೂ ಹೇಳಿದ್ದವು: ಮನೆಯಲ್ಲೇ ಗೊಬ್ಬರ ಮಾಡುವುದಕ್ಕೆ ಸ್ಥಳೀಯ ಸಂಸ್ಥೆಗಳು ಉತ್ತೇಜನ ಕೊಡಬೇಕು ಎಂದು. ಅಲ್ಮಿತ್ರಾ ಪಟೇಲರ ಮೊಕದ್ದಮೆ ಮುಂದೆ ಪರಿಸರದ ವ್ಯಾಜ್ಯಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ದಂಡ ಎಂಬ ಆದೇಶ ಬಂತು.

ಉತ್ತೇಜನ ಕೊಡಬೇಕು ಎಂಬ ಆ ಸಾಲನ್ನು ಅಧಿಕಾರಿಗಳು ದಯವಿಟ್ಟು ಇನ್ನೊಮ್ಮೆ ಓದಬೇಕು. ನಮ್ಮ ಮನವಿಯಲ್ಲಿ ನ್ಯಾಯ ಇರುವುದು ಅಲ್ಲಿ. ನಮ್ಮ ದೇಶದ ಊರುಗಳ ಮನೆಗಸದಲ್ಲಿ ತೂಕದ ಲೆಕ್ಕಕ್ಕೆ ಅರ್ಧದಷ್ಟು ಹಸಿ ಕಸವೇ. ಗಾಡಿ ತುಂಬುವುದು ಅದರಿಂದ, ಗಬ್ಬು ನಾರುವುದು ಅದರಿಂದ, ಒಣ ಕಸ ಕೆಲಸಕ್ಕೆ ಬಾರದಂತೆ ಕೊಳೆಯುವುದೂ ಅದು ಬೆರೆತದ್ದರಿಂದ. ನಮ್ಮ ಊರಿನ ಕಸ ಸೇರುವ ಅನುಪಿನಕಟ್ಟೆಗೆ ಹೋಗುವ ಒಂದೊಂದು ಲೋಡಿನಲ್ಲಿ ಆ ಭಾಗ ಕಡಿಮೆಯಾದಷ್ಟೂ ಡೀಸೆಲ್ ಉಳಿಯುತ್ತದೆ, ಜಾಗ ಉಳಿಯುತ್ತದೆ. ಗಾಳಿಯಾಡದ ರಾಶಿಯೊಳಗೆ ಹಸಿ ಕಸ ಕೊಳೆತರೆ ಮೀಥೇನ್ ಅನಿಲ, ಕೆಳಗೆ ಕಪ್ಪು ರಸ. ಕೊಚ್ಚಿಯ ಬ್ರಹ್ಮಪುರಂನಲ್ಲಿ 2023ರ ಮಾರ್ಚ್‌ನಲ್ಲಿ ಕಸದ ಬೆಟ್ಟಕ್ಕೆ ಬೆಂಕಿ ಬಿದ್ದು ಹತ್ತು ದಿನಕ್ಕೂ ಮೀರಿ ಊರೆಲ್ಲ ಹೊಗೆ ಕುಡಿಯಿತು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಘಟ್ಟದ ಕೆಳಗೆ ನಡೆದದ್ದು. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರ ಎಂಬಲ್ಲಿಗೆ ಹರಿದುಬಂತು. ಗುಡ್ಡ ಜರಿಯುವುದನ್ನು ಮಲೆನಾಡಿನವರು ಕಂಡಿದ್ದೇವೆ. ಕಸ ಜರಿಯುವುದನ್ನು ಕಂಡಿರಲಿಲ್ಲ. ಅಡಿಕೆ ಮರ, ತೆಂಗಿನ ಮರ ನಿಂತ ಹಾಗೇ ಕಸದೊಳಗೆ ಹುಗಿದುಹೋದವು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಆ ಚಿತ್ರ ನೋಡಿದ ದಿನ ನನ್ನ ತಮ್ಮ ಊರಿನಿಂದ ಫೋನು ಮಾಡಿ, “ಅಕ್ಕ, ಅಡಿಕೆಗೆ ಕೊಳೆರೋಗ ಬಂದ್ರೆ ಔಷಧಿ ಹೊಡೀಬಹುದು, ಇದಕ್ಕೆ ಏನು ಹೊಡೀತಾರೆ?” ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಆ ತೋಟದವರು ಆ ಕಸವನ್ನು ಮಾಡಿದವರಲ್ಲ. ಪೇಟೆಯ ಸಾವಿರಾರು ಮನೆಗಳು ದಿನಕ್ಕೆ ಅಷ್ಟಷ್ಟೇ ಕೊಟ್ಟದ್ದು ಅದು.

ಹಾಗಾಗಿ ಹಸಿ ಕಸ ಕೊಡದ ಮನೆಗೆ ಶುಲ್ಕದಲ್ಲಿ ಅರ್ಧ ಬಿಡಿ ಎಂದು ಕೇಳುತ್ತೇನೆ. ಇದು ಹೊಸ ಮಾತೇನೂ ಅಲ್ಲ. ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿದವರಿಗೆ ಶೇ 5 ರಿಯಾಯಿತಿ ನಮ್ಮಲ್ಲಿ ಇದ್ದೇ ಇದೆ. ಪುಣೆಯಲ್ಲಿ ಮನೆಗೊಬ್ಬರ, ಮಳೆನೀರು ಕೊಯ್ಲು, ಸೌರಶಕ್ತಿ ಇವುಗಳಲ್ಲಿ ಒಂದನ್ನು ಮಾಡಿದವರಿಗೆ ಆಸ್ತಿ ತೆರಿಗೆಯಲ್ಲಿ ಶೇ 5, ಒಂದಕ್ಕಿಂತ ಹೆಚ್ಚು ಮಾಡಿದವರಿಗೆ ಶೇ 10 ಬಿಡುತ್ತಾರೆ. ಹಣ ಬೇಗ ಕಟ್ಟಿದ್ದಕ್ಕೆ ರಿಯಾಯಿತಿ ಇರುವಾಗ, ದಿನಾ ಬೆಳಿಗ್ಗೆ ಕೈ ಕೊಳೆ ಮಾಡಿಕೊಂಡು ಊರಿನ ಭಾರ ಇಳಿಸುವವರಿಗೂ ಇರಬೇಡವೇ?

ಉಳಿದರ್ಧವನ್ನು ಮಾತ್ರ ನಾವು ಕಟ್ಟಲೇಬೇಕು. ನಮ್ಮ ಮನೆ ಮುಂದಿನ ರಸ್ತೆ ಗುಡಿಸುವವರು ಯಾರು, ಸಂತೆಯ ದಿನದ ಕಸ ತೆಗೆಯುವವರು ಯಾರು, ಗಣೇಶನ ಹಬ್ಬ ಮುಗಿದ ಮರುದಿನ ಊರನ್ನು ಮತ್ತೆ ಊರು ಮಾಡುವವರು ಯಾರು? ನಾನು ಗೊಬ್ಬರ ಮಾಡಿದೆ ಎಂದ ಮಾತ್ರಕ್ಕೆ ಆ ಕೆಲಸ ನಿಲ್ಲುವುದಿಲ್ಲ.

ಕೇರಳದ ಆಲಪ್ಪುಳದ ಕಥೆ ಗೊತ್ತಿದ್ದವರಿಗೆ ನನ್ನ ಮಾತು ಬೇಗ ಅರ್ಥವಾದೀತು. 2012ರಲ್ಲಿ ಸರ್ವೋದಯಪುರಂ ಎಂಬಲ್ಲಿನ ಜನ, ಪೇಟೆಯ ಕಸದ ಲಾರಿ ಇನ್ನು ಇಲ್ಲಿಗೆ ಬರಕೂಡದು ಎಂದು ತಡೆದು ನಿಂತರು. ಪೇಟೆಯಲ್ಲಿ ಕಸ ಕೊಳೆಯತೊಡಗಿತು. ಆಗ ಅಲ್ಲಿನ ಶಾಸಕರಾಗಿದ್ದ ಥಾಮಸ್ ಐಸಾಕ್ ಮತ್ತು ನಗರಸಭೆ ಸೇರಿ ಮನೆಮನೆಗೆ ಪೈಪ್ ಕಾಂಪೋಸ್ಟ್, ಸಣ್ಣ ಬಯೋಗ್ಯಾಸ್ ಕೊಟ್ಟರು; ಜಾಗವಿಲ್ಲದವರಿಗೆ ಬೀದಿಯಲ್ಲೇ ಗಾಳಿಯಾಡುವ ಗೊಬ್ಬರದ ತೊಟ್ಟಿ ಕಟ್ಟಿಸಿದರು. ಹಸಿ ಕಸದ ಮಟ್ಟಿಗೆ ಮನೆಗಳೇ ಹೊಣೆ ಹೊತ್ತವು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಕಸವನ್ನು ಚೆನ್ನಾಗಿ ನಿಭಾಯಿಸಿದ ಐದು ಊರುಗಳ ಹೆಸರು ಹೇಳಿದಾಗ ಆಲಪ್ಪುಳದ ಹೆಸರೂ ಅದರಲ್ಲಿತ್ತು. ಅದೇ ಕೇರಳದಲ್ಲಿ ಈಗ ಹರಿತ ಕರ್ಮ ಸೇನೆಯ ಹೆಣ್ಣುಮಕ್ಕಳು ಪ್ಲಾಸ್ಟಿಕ್ ಮತ್ತಿತರ ಒಣ ಕಸಕ್ಕಾಗಿ ಪ್ರತಿ ಮನೆಯ ಬಾಗಿಲು ಬಡಿಯುತ್ತಾರೆ, ತಿಂಗಳ ಶುಲ್ಕವನ್ನೂ ಪಡೆಯುತ್ತಾರೆ. ಗೊಬ್ಬರ ಮಾಡುವ ಮನೆ ಎಂದು ಯಾರೂ ಬಾಗಿಲು ದಾಟಿ ಮುಂದೆ ಹೋಗುವುದಿಲ್ಲ. ನಾನು ಕೇಳುತ್ತಿರುವುದೂ ಅದನ್ನೇ.

ಆದರೆ ಆಲಪ್ಪುಳದ್ದನ್ನು ಇಲ್ಲಿಗೆ ಹಾಗೇ ಎತ್ತಿ ತರಲಾಗದು. ಇದು ನಮ್ಮ ಮಳೆ ಬಲ್ಲವರಿಗೆ ಗೊತ್ತು. ಮೊದಲ ವರ್ಷ ನಾನು ಯುಗಾದಿಯ ಹೊತ್ತಿಗೆ ಗುಂಡಿ ಶುರು ಮಾಡಿ, ಆರಿದ್ರಾ ಮಳೆ ಹಿಡಿಯುವ ತನಕ ಬೀಗುತ್ತಿದ್ದೆ. ಪುನರ್ವಸು ಬರುವಷ್ಟರಲ್ಲಿ ಗುಂಡಿ ತುಂಬ ನೀರು, ನೀರಿನ ಮೇಲೆ ಹುಳ, ಬೀದಿಯ ತುದಿಗೂ ನಾತ. ಪಕ್ಕದ ಮನೆಯ ಭಾವ ಒಂದು ಮಾತೂ ಆಡದೆ ಕಿಟಕಿ ಮುಚ್ಚಿಕೊಂಡರು. ಆಮೇಲೆ ಕಲಿತೆ: ಬಾವಿಗೆ ಇಳಿಸುವ ಸಿಮೆಂಟ್ ರಿಂಗ್ ಎರಡನ್ನು ನೆಲದ ಮೇಲೆ ಕೂರಿಸಿ, ಮೇಲೆ ತಗಡು ಹೊದಿಸಿ, ಒಂದು ಪಾತ್ರೆ ಹಸಿ ಕಸಕ್ಕೆ ಎರಡು ಪಾತ್ರೆ ಒಣ ತರಗು ಹಾಕಬೇಕು. ತರಗು ಮಳೆಗಾಲದಲ್ಲಿ ಸಿಗುವುದಿಲ್ಲ. ಶಿವರಾತ್ರಿ ಆಸುಪಾಸಿನಲ್ಲಿ ಮರಗಳು ಎಲೆ ಉದುರಿಸುವಾಗಲೇ ಗೋಣಿಚೀಲಗಳಲ್ಲಿ ತುಂಬಿ ಅಟ್ಟಕ್ಕೆ ಏರಿಸಬೇಕು. ಅಡಿಕೆ ಸಿಪ್ಪೆ ಸಿಕ್ಕರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಸಗಣಿ ನೀರೋ ಹುಳಿ ಮಜ್ಜಿಗೆಯೋ. ಬೇಸಿಗೆಯಲ್ಲಿ ಎರಡು ತಿಂಗಳಿಗೆ ಆಗುವ ಗೊಬ್ಬರಕ್ಕೆ ಮಳೆಗಾಲದಲ್ಲಿ ನಾಲ್ಕು ತಿಂಗಳು ಬೇಕು. (ಆ ತರಗಿನ ರಾಶಿಗೆ ಈ ಊರಿನಲ್ಲಿ ಬೆಳಗಿನ ಜಾವ ಬೆಂಕಿ ಇಡುವುದನ್ನು ನೋಡಿದರೆ ನನಗೆ ಅಕ್ಕಿಯ ಮೂಟೆ ಸುಟ್ಟಷ್ಟು ಸಂಕಟವಾಗುತ್ತದೆ. ದಯವಿಟ್ಟು ಅದನ್ನು ಚೀಲದಲ್ಲಿ ತುಂಬಿ ಗೊಬ್ಬರ ಮಾಡುವವರಿಗೆ ಕೊಡುವ ಏರ್ಪಾಡು ಮಾಡಿ.)

ಇದನ್ನೆಲ್ಲ ಇಷ್ಟು ಉದ್ದ ಬರೆದದ್ದು ಯಾಕೆಂದರೆ, ವಿನಾಯಿತಿ ಒಮ್ಮೆ ಪಡೆದವರಿಗೆ ಮರಳಿ ಬರುವ ದಾರಿ ಇರಬೇಕು. ಜುಲೈಯಲ್ಲಿ ಗುಂಡಿ ಕೆಟ್ಟ ಮನೆಯವರು ಹಸಿ ಕಸವನ್ನು ಗಾಡಿಗೆ ಕೊಡಲು ಬಂದರೆ “ನಿಮಗೆ ವಿನಾಯಿತಿ ಇದೆಯಲ್ಲ” ಎಂದು ಹಿಂದಕ್ಕೆ ಕಳಿಸಬಾರದು. ಕಳಿಸಿದರೆ ಅದು ರಾತ್ರಿ ಖಾಲಿ ಸೈಟಿಗೆ ಬೀಳುತ್ತದೆ. ಮೀನು, ಮಾಂಸ ಮಾಡುವ ಮನೆಗಳ ಕಷ್ಟವೂ ಬೇರೆ. ಮುಳ್ಳು, ಮೂಳೆ ಗುಂಡಿಗೆ ಬಿದ್ದರೆ ನಾಯಿ ಕೆದರುತ್ತವೆ. ಆ ಮನೆಯವರು ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡಿ ಮಿಕ್ಕದ್ದನ್ನು ಗಾಡಿಗೆ ಕೊಟ್ಟರೂ ಅವರನ್ನು ಲೆಕ್ಕದಿಂದ ಕೈಬಿಡಬೇಡಿ.

ಇನ್ನೊಂದು ವಿಷಯ, ನೆರೆಯವರಿಗೆ ಹೇಳಲು ನನಗೆ ಸ್ವಲ್ಪ ಸಂಕೋಚವಾಗುವಂಥದ್ದು. ನಮಗೆ ಹಿತ್ತಿಲಿದೆ. ನಾಲ್ಕು ತೆಂಗು, ಹತ್ತು ಅಡಿಕೆ, ಒಂದು ಬಸಳೆ ಚಪ್ಪರ ಹಾಕುವಷ್ಟು ನೆಲವಿದೆ. ಹಿಂದಿನ ಬೀದಿಯಲ್ಲಿ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮೂರು ಸಂಸಾರ ಬಾಡಿಗೆಗಿವೆ. ಅವರು ಗೊಬ್ಬರ ಎಲ್ಲಿ ಮಾಡಬೇಕು? ಹಿತ್ತಿಲಿದ್ದವರಿಗೆ ಪೂರ್ತಿ ಮಾಫಿ, ಹಿತ್ತಿಲಿಲ್ಲದವರಿಗೆ ಪೂರ್ತಿ ಶುಲ್ಕ ಎಂದಾದರೆ ಅದು ನೆಲ ಇದ್ದವರಿಗೆ ಕೊಟ್ಟ ಬಹುಮಾನವಾದೀತು. ಅದಕ್ಕೆ ನನ್ನದೊಂದು ಸಲಹೆ ಇದೆ. ಹಿತ್ತಿಲಿದ್ದವರು ಇಲ್ಲದವರ ಹಸಿ ಕಸವನ್ನೂ ತೆಗೆದುಕೊಂಡರೆ, ಕೊಟ್ಟ ಮನೆಗೂ ತೆಗೆದುಕೊಂಡ ಮನೆಗೂ ರಿಯಾಯಿತಿ ಕೊಡಿ. ನಾನು ಈಗ ಆ ಮೂರು ಸಂಸಾರಗಳಲ್ಲಿ ಎರಡರ ಬಕೆಟ್ಟನ್ನು ತೆಗೆದುಕೊಳ್ಳುತ್ತಿದ್ದೇನೆ. ಪ್ರತಿಯಾಗಿ ಅವರ ಮಕ್ಕಳು ರಜೆಯಲ್ಲಿ ತರಗು ಒಟ್ಟು ಮಾಡಿ ಕೊಡುತ್ತಾರೆ, ಅವರಿಗೆ ಬಸಳೆ ಹೋಗುತ್ತದೆ. ಯಾವ ಆದೇಶವೂ ಇಲ್ಲದೆ ಒಂದೂವರೆ ವರ್ಷದಿಂದ ನಡೆದಿದೆ.

ಯಾರು ನಿಜವಾಗಿ ಗೊಬ್ಬರ ಮಾಡುತ್ತಾರೆ, ಯಾರು ಕಾಗದದ ಮೇಲೆ ಮಾಡುತ್ತಾರೆ ಎಂದು ಕಂಡುಹಿಡಿಯುವುದು ಹೇಗೆ? ಅರ್ಜಿ, ಪ್ರಮಾಣಪತ್ರ, ಫೋಟೋ ಎಂದು ಹೊರಟರೆ ಕಚೇರಿಗೆ ಅಲೆದಾಟ ಶುರುವಾಗುತ್ತದೆ, ಗುಂಡಿ ಇಲ್ಲದವರ ಬಳಿಯೂ ಗುಂಡಿಯ ಫೋಟೋ ಬರುತ್ತದೆ. ದಿನಾ ಗೇಟಿಗೆ ಬರುವ ಪೌರಕಾರ್ಮಿಕರಿಗೆ ಯಾವ ಮನೆ ಏನು ಕೊಡುತ್ತದೆ ಎಂಬುದು ಬಾಯಿಪಾಠ. ಗೇಟಿಗೆ ಒಂದು ಕಾರ್ಡು ತೂಗುಹಾಕಿ. ಹಸಿ ಕಸ ಬರಲಿಲ್ಲ, ಒಣ ಕಸ ಚೊಕ್ಕವಾಗಿ ಬಂತು ಎಂದು ಅವರು ತಿಂಗಳಿಗೊಮ್ಮೆ ಗುರುತು ಹಾಕಲಿ. ಆ ಗುರುತೇ ಆಧಾರವಾಗಲಿ. ಈ ಕೆಲಸಕ್ಕೆ ಅವರ ಸಂಬಳದಲ್ಲಿ ಒಂದಿಷ್ಟು ಸೇರಿಸಿ, ಪುಕ್ಕಟೆ ಹೊರಿಸಬೇಡಿ. ವರ್ಷದಲ್ಲಿ ಎರಡು ಸಲ, ಮೇ ತಿಂಗಳಲ್ಲೊಮ್ಮೆ ಮತ್ತು ಮಳೆಯ ನಡುವೆ ಆಗಸ್ಟಿನಲ್ಲೊಮ್ಮೆ, ಯಾರಾದರೂ ಬಂದು ಗುಂಡಿ ನೋಡಿ ಹೋಗಲಿ. ಬೇಸಿಗೆಯಲ್ಲಿ ಮಾತ್ರ ನೋಡಿದರೆ ಎಲ್ಲರ ಗುಂಡಿಯೂ ಚೆನ್ನಾಗಿಯೇ ಕಾಣುತ್ತದೆ. ಒಣ ಕಸವನ್ನೇ ಕೊಡದ ಮನೆ ಸಿಕ್ಕಿದರೆ ಅಂಥವರಿಗೆ ರಿಯಾಯಿತಿ ಕೊಡುವ ಮೊದಲು ಆ ಕಸ ಎಲ್ಲಿಗೆ ಹೋಗುತ್ತಿದೆ ಎಂದು ವಿಚಾರಿಸಿ.

ಬೀಗ ಹಾಕಿದ ಮನೆಗಳ ಬಗ್ಗೆ ಮನವಿಯಲ್ಲಿ ಮಾತೇ ಇಲ್ಲ, ಅದು ಇರಬೇಕಿತ್ತು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ತಂದೆ-ತಾಯಿ ವರ್ಷದಲ್ಲಿ ಆರು ತಿಂಗಳು ಅಲ್ಲಿಗೆ ಹೋಗಿ ಇರುವ ಮನೆಗಳು ನಮ್ಮ ಬೀದಿಯಲ್ಲೇ ಐದಿವೆ. ಕರೆಂಟ್ ಬಿಲ್ಲು ನೋಡಿದರೆ ಮನೆ ಖಾಲಿಯಿತ್ತೋ ಇಲ್ಲವೋ ಗೊತ್ತಾಗುತ್ತದೆ. ಅಂಥ ತಿಂಗಳುಗಳ ಶುಲ್ಕ ಬಿಡುವುದರಲ್ಲಿ ತಪ್ಪಿಲ್ಲ. ಗಾಡಿಯೇ ಬಾರದ ಓಣಿಗಳಿದ್ದರೆ, ಬರುವ ತನಕ ಅವರಿಂದ ಒಂದು ಪೈಸೆಯನ್ನೂ ಕೇಳಬಾರದು. ಕೂಲಿ ಮಾಡಿ ಬದುಕುವವರ ಗುಡಿಸಲಿಗೆ ಶುಲ್ಕ ಬೇಡವೇ ಬೇಡ. ಆದರೆ ಗಾಡಿ ಮಾತ್ರ ಅಲ್ಲಿಗೆ ಎಲ್ಲರಿಗಿಂತ ಮೊದಲು ಹೋಗಬೇಕು.

ಸಹಿ ಹಾಕಿದ ಅಣ್ಣಂದಿರೇ, ಅಕ್ಕಂದಿರೇ, ಹಾಳೆ ನನ್ನ ಮೇಜಿನ ಮೇಲೇ ಇದೆ. “ಕಸ ಸಂಗ್ರಹದಿಂದ ಪೂರ್ತಿ ಕೈಬಿಡಬೇಕು” ಎಂಬ ಸಾಲನ್ನು ಹೊಡೆದುಹಾಕಿ “ಹಸಿ ಕಸದ ಪಾಲಿನ ಶುಲ್ಕ ಬಿಡಬೇಕು, ಒಣ ಕಸಕ್ಕಾಗಿ ಗಾಡಿ ತಪ್ಪದೆ ಬರಬೇಕು” ಎಂದು ಬರೆದರೆ ಮೇಲುಗಡೆ ನೀವು ಬಿಟ್ಟ ಜಾಗದಲ್ಲಿ ನನ್ನ ಸಹಿ ಇರುತ್ತದೆ, ನಮ್ಮ ಮನೆಯವರದ್ದೂ ಇರುತ್ತದೆ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಹಿತ್ತಿಲಲ್ಲಿ ಒಂದು ರಿಂಗ್ ತೆರೆದು ಗೊಬ್ಬರ ಸೋಸುವವಳಿದ್ದೇನೆ. ಎಲ್ಲರೂ ಬನ್ನಿ. ಅಧಿಕಾರಿಗಳಲ್ಲಿ ಯಾರಿಗಾದರೂ ಬಿಡುವಾದರೆ ಅವರೂ ಬರಲಿ. ಗಾಡಿಯ ಹೆಣ್ಣುಮಗಳಿಗೂ ಹೇಳಿದ್ದೇನೆ, ಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಾಳೆ. ಬರುವಾಗ ಒಂದು ಚೀಲ ತನ್ನಿ, ಗೊಬ್ಬರ ಒಯ್ಯಲು ಬೇಕಾಗುತ್ತದೆ.

ಇಂತಿ ನಿಮ್ಮ,
ಸಾಗರ ರಸ್ತೆ ಕಡೆಯ ಬಡಾವಣೆಯ ಒಬ್ಬ ನಿವೃತ್ತ ಶಿಕ್ಷಕಿ
ಶಿವಮೊಗ್ಗ